ದಡ ಕೊರೆದದ್ದು ಗಾಳಿಯಾ, ಬೋಟಾ? ನೀವೇ ಅಳೆದು ನೋಡಿ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಲೇಕ್ ಪಕ್ಕ ಇರುವವರಿಗೆಲ್ಲ ಈ ಜಗಳ ಗೊತ್ತು. ಜುಲೈ ತಿಂಗಳು, ಶನಿವಾರ ಸಂಜೆ. ದಡದಿಂದ 60 ಮೀಟರ್ ದೂರದಲ್ಲಿ ಒಂದು ದಪ್ಪ ವೇಕ್ ಬೋಟು, ಅಂದರೆ ಜಾರಾಟಕ್ಕೆಂದೇ ಹಿಂದೆ ದೊಡ್ಡ ಅಲೆ ಎಬ್ಬಿಸುವ ಮೋಟಾರು ಬೋಟು, ಹಾದುಹೋಗುತ್ತದೆ. ಅದರ ಹಿಂದೆ ಒಬ್ಬ ಹುಡುಗ ಹಗ್ಗವನ್ನೂ ಬಿಟ್ಟು, ಬರೀ ಅಲೆಯ ಮೇಲೆ ಹಲಗೆ ಇಟ್ಟುಕೊಂಡು ಜಾರುತ್ತಿರುತ್ತಾನೆ. ನೋಡಲಿಕ್ಕೆ ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅರ್ಧ ನಿಮಿಷ ಬಿಟ್ಟು ನಮ್ಮ ಡಾಕ್ (ದೋಣಿ ಕಟ್ಟುವ ಕಟ್ಟೆ) ಕುಣಿಯುತ್ತದೆ, ಕಟ್ಟಿದ ಸಣ್ಣ ದೋಣಿ ಕಂಬಕ್ಕೆ ಬಡಿಯುತ್ತದೆ, ದಡದ ನೀರು ಟೀ ಬಣ್ಣಕ್ಕೆ ತಿರುಗುತ್ತದೆ.

ಲೇಕ್‌ನವರ ಮೀಟಿಂಗಿನಲ್ಲಿ ಈ ಮಾತು ಎತ್ತಿದರೆ ಬೋಟಿನವರ ಉತ್ತರ ಯಾವಾಗಲೂ ಒಂದೇ: ಬಿರುಗಾಳಿ ಬೀಸಿದರೆ ಇದಕ್ಕಿಂತ ದೊಡ್ಡ ಅಲೆ ಬರುತ್ತದೆ, ಆಗ ಯಾರನ್ನು ಬೈಯುತ್ತೀರಿ? ದಡದವರ ಉತ್ತರವೂ ಒಂದೇ: ಎಲ್ಲ ಹಾಳಾಗಿದ್ದು ಬೋಟಿನಿಂದಲೇ. ಇಬ್ಬರಲ್ಲಿ ಒಬ್ಬರೂ ಅಳೆದು ನೋಡಿರುವುದಿಲ್ಲ. ನಾನೂ ಅಳೆಯದೆ ಎರಡು ವರ್ಷ ಸುಮ್ನೆ ಕೂಗಾಡಿದವನೇ. ಆಮೇಲೆ ಒಂದು ಪೈಪು, ಬಣ್ಣದ ಟೇಪು, ಫೋನು ಇಟ್ಟುಕೊಂಡು ನೀರಿಗೆ ಇಳಿದೆ. ಕಷ್ಟವೇನಿಲ್ಲ. ಹೇಗೆ ಅಂತ ಬರೆಯುತ್ತೇನೆ.

ಮೊದಲು ಮ್ಯಾಪ್ ನೋಡಿ

ಗಾಳಿ ಅಲೆ ಎಷ್ಟು ಬೆಳೆಯುತ್ತದೆ ಅನ್ನುವುದು ಮುಖ್ಯವಾಗಿ ಎರಡರ ಮೇಲೆ ನಿಂತಿದೆ. ಗಾಳಿಯ ವೇಗ ಒಂದು. ಆ ಗಾಳಿ ನೀರಿನ ಮೇಲೆ ಅಡೆತಡೆ ಇಲ್ಲದೆ ಎಷ್ಟು ದೂರ ಓಡಿಬಂತು ಅನ್ನುವುದು ಇನ್ನೊಂದು. ಈ ಎರಡನೆಯದನ್ನು ಫೆಚ್ ಅಂತಾರೆ, ನಾನು ಗಾಳಿಯ ಹಾದಿ ಅಂತ ಕರೆಯುತ್ತೇನೆ. ಫೋನಿನ ಮ್ಯಾಪಿನಲ್ಲಿ ನಿಮ್ಮ ದಡದ ಮೇಲೆ ಬೆರಳಿಟ್ಟು, ದೂರ ಅಳೆಯುವ ಆಯ್ಕೆ ಒತ್ತಿ, ಎದುರು ದಡದವರೆಗೆ ಗೆರೆ ಎಳೆಯಿರಿ. ಒಂದೇ ಗೆರೆ ಸಾಲದು. ಎಂಟು ದಿಕ್ಕಿಗೂ ಎಳೆದು ಬರೆದಿಟ್ಟುಕೊಳ್ಳಿ. ಮಧ್ಯೆ ದ್ವೀಪ ಇದ್ದರೆ ಗೆರೆ ಅಲ್ಲಿಗೇ ನಿಲ್ಲಬೇಕು.

ಈಗ ಒಂದು ಅಂದಾಜು ಲೆಕ್ಕ. ಗಾಳಿಯ ವೇಗವನ್ನು ಗಂಟೆಗೆ ಕಿಲೋಮೀಟರಿನಲ್ಲಿ ತೆಗೆದುಕೊಳ್ಳಿ. ಹಾದಿಯನ್ನು ಮೀಟರಿನಲ್ಲಿ ಬರೆದು ಅದರ ವರ್ಗಮೂಲ ತೆಗೆಯಿರಿ. ಎರಡನ್ನೂ ಗುಣಿಸಿ 70ರಿಂದ ಭಾಗಿಸಿ. ಬಂದದ್ದು ಅಲೆಯ ಎತ್ತರ, ಸೆಂಟಿಮೀಟರಿನಲ್ಲಿ. 20 ಕಿ.ಮೀ. ಗಾಳಿ, 400 ಮೀಟರ್ ಹಾದಿ: 20 ಗುಣಿಸು 20, ಭಾಗಿಸು 70, ಸುಮಾರು 6 ಸೆಂ.ಮೀ. ಅದೇ 36 ಕಿ.ಮೀ. ಗಾಳಿ 2,500 ಮೀಟರ್ ಓಡಿ ಬಂದರೆ ಸುಮಾರು 26 ಸೆಂ.ಮೀ. ಇದು ಸಮುದ್ರದ ಎಂಜಿನಿಯರುಗಳು ಬಳಸುವ ದೊಡ್ಡ ಸೂತ್ರವನ್ನು ನಾನು ಕಿಸೆಗೆ ಹಿಡಿಯುವಷ್ಟು ಚಿಕ್ಕದು ಮಾಡಿಕೊಂಡದ್ದು. ನೂರಕ್ಕೆ ನೂರು ಸರಿ ಬರುವುದಿಲ್ಲ. ಆದರೆ ಜಗಳ ಯಾವ ಕಡೆ ವಾಲುತ್ತದೆ ಅಂತ ಹೇಳಲು ಸಾಕು.

ಈ ಲೆಕ್ಕ ಹಾಕಿದ ಕೂಡಲೇ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಮಿಲ್ ಲ್ಯಾಕ್ಸ್ ತರಹದ ಲೇಕ್ ಆದರೆ, ಅದು 1,32,000 ಎಕರೆ, ಆಚೆ ದಡವೇ ಕಾಣುವುದಿಲ್ಲ, ಅಲ್ಲಿ ಗಾಳಿಯೇ ಯಜಮಾನ. ಬೋಟಿನ ಅಲೆ ಅಲ್ಲಿ ಸಂತೆಯಲ್ಲಿ ಪಿಸುಗುಟ್ಟಿದ ಹಾಗೆ. ಆದರೆ ನಮ್ಮ ರಾಜ್ಯದ ಹೆಚ್ಚಿನ ಲೇಕ್‌ಗಳು ಹಾಗಿಲ್ಲ. ಹತ್ತು ಎಕರೆಗಿಂತ ದೊಡ್ಡವೇ 11,842 ಇವೆ ಅಂತ ಸರಕಾರಿ ಲೆಕ್ಕ, ಅದರಲ್ಲಿ ಬಹುಪಾಲು ಸಣ್ಣವು, ಸುತ್ತ ಮರ, ಅಂಕುಡೊಂಕು ದಡ, ಗಾಳಿಗೆ ಓಡಲು ಜಾಗವೇ ಇಲ್ಲ. ಅಂಥ ಕಡೆ 6 ಸೆಂ.ಮೀ. ಅಲೆ ನೋಡಿ ಬೆಳೆದ ದಡಕ್ಕೆ ಒಮ್ಮೆಲೇ 25 ಸೆಂ.ಮೀ. ಅಲೆ ಬಂದು ಬಡಿದರೆ ಕಥೆ ಬೇರೆ.

ಕೋಲು ನೆಡುವುದು

ಎರಡು ಮೀಟರ್ ಉದ್ದದ ಬಿಳಿ ಪಿವಿಸಿ ಪೈಪಿಗೆ 5 ಸೆಂ.ಮೀ.ಗೊಂದು ಕಪ್ಪು ಟೇಪು ಸುತ್ತಿ. ಸೊಂಟದ ಮಟ್ಟದ ನೀರಿನಲ್ಲಿ, ಡಾಕ್‌ನಿಂದ ಸ್ವಲ್ಪ ದೂರ, ಗಟ್ಟಿಯಾಗಿ ನೆಡಿ. ಡಾಕ್ ಪಕ್ಕವೇ ನೆಟ್ಟರೆ ಅಲೆ ಕಂಬಕ್ಕೆ ತಾಗಿ ವಾಪಸ್ ಬಂದು ಲೆಕ್ಕ ಕೆಡುತ್ತದೆ. ಮೊದಲ ವಾರ ನಾನು ಮಾಡಿದ ತಪ್ಪು ಅದೇ, ಅಷ್ಟೂ ವಿಡಿಯೋ ಅಳಿಸಬೇಕಾಯಿತು. ಕಾಂಕ್ರೀಟ್ ಗೋಡೆ ಕಟ್ಟಿದ ದಡದ ಎದುರೂ ಬೇಡ. ಅಲೆ ಮುರಿದು ನೊರೆ ಆಗುವ ಜಾಗವೂ ಬೇಡ, ಅದಕ್ಕಿಂತ ಒಳಗೆ ಇರಲಿ.

ಫೋನನ್ನು ದಡದ ಮೇಲೆ ಸ್ಟ್ಯಾಂಡಿಗೆ ಹಾಕಿ, ಕೋಲು ಚೆನ್ನಾಗಿ ಕಾಣುವಂತೆ ಜೂಮ್ ಮಾಡಿ, ವಿಡಿಯೋ ಬಿಟ್ಟುಬಿಡಿ. ಆಮೇಲೆ ಮನೆಯಲ್ಲಿ ಕಾಫಿ ಕುಡಿಯುತ್ತಾ ನಿಲ್ಲಿಸಿ ನಿಲ್ಲಿಸಿ ನೋಡಿ: ಅಲೆಯ ನೆತ್ತಿ ಯಾವ ಗೆರೆಗೆ ಬಂತು, ಅದರ ಹಿಂದಿನ ತಗ್ಗು ಯಾವ ಗೆರೆಗೆ ಇಳಿಯಿತು. ಎರಡರ ವ್ಯತ್ಯಾಸವೇ ಎತ್ತರ. ನಿಂತ ನೀರಿನಿಂದ ಮೇಲಕ್ಕೆ ಮಾತ್ರ ಅಳೆದರೆ ಅರ್ಧವೇ ಸಿಗುತ್ತದೆ.

ಎತ್ತರದಷ್ಟೇ ಮುಖ್ಯ ಇನ್ನೊಂದಿದೆ, ಅದನ್ನು ಯಾರೂ ಅಳೆಯುವುದಿಲ್ಲ. ಒಂದು ನೆತ್ತಿ ಬಂದು ಮುಂದಿನ ನೆತ್ತಿ ಬರುವವರೆಗೆ ಎಷ್ಟು ಸೆಕೆಂಡ್? ಇದು ಅಲೆಯ ಅವಧಿ. ಹನ್ನೊಂದು ನೆತ್ತಿ ಎಣಿಸಿ, ಮೊದಲನೆಯದರಿಂದ ಕೊನೆಯದರವರೆಗಿನ ಸಮಯವನ್ನು ಹತ್ತರಿಂದ ಭಾಗಿಸಿ. ಸಣ್ಣ ಲೇಕ್‌ನಲ್ಲಿ ಗಾಳಿ ಅಲೆಗೆ ಸುಮಾರು ಒಂದು ಸೆಕೆಂಡ್ ಬರುತ್ತದೆ. ಬೋಟಿನ ಅಲೆಗೆ ಎರಡು, ಎರಡೂವರೆ ಬರಬಹುದು. ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾಯಿತು ಅನ್ನಿಸುತ್ತದೆ ಅಲ್ವಾ? ಅದಕ್ಕೆ ಆಮೇಲೆ ಬರುತ್ತೇನೆ.

ಯಾವಾಗ ಅಳೆಯಬೇಕು? ಮೂರು ಹೊತ್ತು ಬೇಕು. ಗಾಳಿಯೂ ಇಲ್ಲದ, ಬೋಟೂ ಇಲ್ಲದ ಬೆಳಗಿನ ಜಾವ. ಗಾಳಿ ಇಲ್ಲದೆ ಬೋಟು ಜಾಸ್ತಿ ಇರುವ ವಾರಾಂತ್ಯ. ಮತ್ತೆ, ಇದು ಚಿನ್ನದಂಥ ಹೊತ್ತು, ಬೋಟು ಒಂದೂ ಇಲ್ಲದ ಗಾಳಿಯ ವಾರದ ದಿನ. ಎರಡೂ ಬೆರೆತ ದಿನ ಅಳೆದರೆ ಯಾವುದು ಯಾರದ್ದು ಅಂತ ಬಿಡಿಸಲು ಆಗುವುದಿಲ್ಲ. ಜುಲೈ 4ರ ರಜೆಯಲ್ಲಿ ಮಾತ್ರ ಅಳೆದು ವರ್ಷವಿಡೀ ಹೀಗೇ ಅನ್ನುವುದು ಮೋಸ. ಗಾಳಿಯ ವೇಗ, ದಿಕ್ಕು ಹತ್ತಿರದ ವಿಮಾನ ನಿಲ್ದಾಣದ ಹವಾಮಾನ ದಾಖಲೆಯಲ್ಲಿ ಗಂಟೆಗಂಟೆಗೂ ಸಿಗುತ್ತದೆ, ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಬೋಟು ಬಂದಾಗ ದೂರ ಎಷ್ಟು ಇತ್ತು ಅಂತ ಬರೆಯುವುದನ್ನೂ ಮರೆಯಬೇಡಿ.

ಈಗ ಲೆಕ್ಕ, ಇಲ್ಲೇ ಎಲ್ಲರೂ ಎಡವುವುದು

ಅಲೆಯ ಶಕ್ತಿ ಎತ್ತರದ ವರ್ಗದಷ್ಟು ಏರುತ್ತದೆ. ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಹಾಗಾಗಿ 10 ಸೆಂ.ಮೀ. ಅಲೆಗೂ 25 ಸೆಂ.ಮೀ. ಅಲೆಗೂ ಇರುವುದು ಎರಡೂವರೆ ಪಟ್ಟಿನ ಅಂತರವಲ್ಲ, ಆರು ಪಟ್ಟಿಗೂ ಜಾಸ್ತಿ. ಅವಧಿಯನ್ನೂ ಸೇರಿಸಿದರೆ ಇನ್ನೂ ಏರುತ್ತದೆ. ಇದನ್ನು ಕೇಳಿ ದಡದವರು ಖುಷಿಪಡುತ್ತಾರೆ, ನಾನೂ ಪಟ್ಟಿದ್ದೆ. ಆದರೆ ತಡೆಯಿರಿ. ಬೋಟಿನ ಅಲೆ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಗಾಳಿ ಗಂಟೆಗಟ್ಟಲೆ ಬೀಸುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೋಟು ಹೋದ ಮೇಲೆ ಹನ್ನೆರಡು ಅಲೆ ಬಂದವು ಅನ್ನಿ, ಎತ್ತರ ಕ್ರಮವಾಗಿ 5, 9, 14, 20, 25, 22, 18, 14, 10, 8, 6, 4 ಸೆಂ.ಮೀ. ಪ್ರತಿಯೊಂದರ ವರ್ಗ ತೆಗೆದು ಕೂಡಿಸಿದರೆ 2,547. ಅವಧಿ 2.2 ಸೆಕೆಂಡ್ ಆದರೆ ಅದರ ವರ್ಗದಿಂದ ಗುಣಿಸಿ, ಸುಮಾರು 12,300. ಇದು ಒಂದು ಬೋಟಿನ ಅಂಕ. ಈ ಅಂಕಕ್ಕೆ ಯೂನಿಟ್ ಇಲ್ಲ, ಹೋಲಿಸಲು ಮಾತ್ರ.

ಇತ್ತ 20 ಕಿ.ಮೀ. ಗಾಳಿ 1,200 ಮೀಟರ್ ಹಾದಿಯಲ್ಲಿ ಬಂದರೆ ಅಲೆ 10 ಸೆಂ.ಮೀ., ಅವಧಿ 1.2 ಸೆಕೆಂಡ್. ಗಾಳಿ ಅಲೆಗಳು ಒಂದೇ ಎತ್ತರದಲ್ಲಿ ಬರುವುದಿಲ್ಲ. ಆ 10 ಅನ್ನುವುದು ಮೂರರಲ್ಲಿ ಒಂದು ಭಾಗದಷ್ಟು ದೊಡ್ಡ ಅಲೆಗಳ ಸರಾಸರಿ, ಆದ್ದರಿಂದ ವರ್ಗ ಮಾಡಿ ಅರ್ಧ ಮಾಡಬೇಕು. 100ರ ಅರ್ಧ 50, ಅದಕ್ಕೆ 1.2ರ ವರ್ಗ ಗುಣಿಸಿದರೆ 72. ಇದು ಒಂದು ಅಲೆಗೆ. ಗಂಟೆಗೆ 3,000 ಅಲೆ, ಅಂದರೆ 2,16,000. ಭಾಗಿಸಿ ನೋಡಿ: ಆ ಸಾಧಾರಣ ಗಾಳಿ ಒಂದು ಗಂಟೆ ಬೀಸಿದ್ದಕ್ಕೆ ಹದಿನೇಳು ಹದಿನೆಂಟು ಸಲ ಬೋಟು ಹಾದುಹೋಗಬೇಕು.

ಬೋಟಿನವರು ಗೆದ್ದರು ಅನ್ನಿಸಿತಾ? ನನಗೂ ಹಾಗೇ ಅನ್ನಿಸಿ ಆ ದಿನ ಊಟ ರುಚಿಸಲಿಲ್ಲ. ಆದರೆ ಈ ಒಟ್ಟು ಮೊತ್ತದಲ್ಲಿ ಒಂದು ಕಣ್ಕಟ್ಟಿದೆ. ಅಲೆಯ ಶಕ್ತಿ ಎಷ್ಟು ಅನ್ನುವುದು ಒಂದು ಮಾತು, ಅದು ನೀರಿನ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದು ಬೇರೆಯೇ ಮಾತು. ಇಲ್ಲೇ ಅವಧಿ ಕೆಲಸಕ್ಕೆ ಬರುವುದು. ಅವಧಿಯ ವರ್ಗವನ್ನು 1.56ರಿಂದ ಗುಣಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಆ ಉದ್ದದ ಅರ್ಧದಷ್ಟು ಆಳದವರೆಗೆ ನೀರು ಅಲುಗುತ್ತದೆ, ಅದರ ಕೆಳಗೆ ಹೆಚ್ಚುಕಡಿಮೆ ನಿಶ್ಚಲ. 1.2 ಸೆಕೆಂಡಿನ ಗಾಳಿ ಅಲೆಯ ಉದ್ದ ಸುಮಾರು 2.25 ಮೀಟರ್, ಅದು ಒಂದು ಮೀಟರ್ ಚಿಲ್ಲರೆ ಆಳಕ್ಕೆ ಸುಸ್ತಾಗುತ್ತದೆ. 2.2 ಸೆಕೆಂಡಿನ ಬೋಟಿನ ಅಲೆ ಏಳೂವರೆ ಮೀಟರ್ ಉದ್ದ, ಮೂರೂ ಮುಕ್ಕಾಲು ಮೀಟರ್ ಆಳದವರೆಗೂ ಕೈ ಚಾಚುತ್ತದೆ.

ಎರಡು ಮೀಟರ್ ಆಳದ ತಳದಲ್ಲಿ ನೀರು ಎಷ್ಟು ವೇಗವಾಗಿ ಹಿಂದೆ ಮುಂದೆ ಆಡುತ್ತದೆ ಅಂತ ಲೆಕ್ಕ ಹಾಕಿದೆ. ಆ ಗಾಳಿ ಅಲೆಗೆ ಸೆಕೆಂಡಿಗೆ 0.2 ಸೆಂ.ಮೀ. ಬೋಟಿನ ದೊಡ್ಡ ಅಲೆಗೆ ಸುಮಾರು 12 ಸೆಂ.ಮೀ. ಅರವತ್ತು ಪಟ್ಟು! ಗಾಳಿ ಅಲೆ ಅಲ್ಲಿ ಮೂರು ದಿನ ಬೀಸಿದರೂ ಹೂಳು ಕದಲುವುದಿಲ್ಲ, ಬೋಟಿನ ಅಲೆಗೆ ಹಗುರವಾದ ಹೂಳು ಏಳುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಯಾವುದು ದೊಡ್ಡದು ಅಂತಲ್ಲ. ಯಾವ ದಡ, ಎಷ್ಟು ಆಳ, ಅಲ್ಲಿ ಇಷ್ಟು ವರ್ಷ ಎಂಥ ಅಲೆ ಬರುತ್ತಿತ್ತು ಅಂತ ಕೇಳಿ.

ದಡ ಅಂದ ಮೇಲೆ ದಿಕ್ಕಿನ ಮಾತು ಬರುತ್ತದೆ. ಗಾಳಿ ಹೆಚ್ಚಾಗಿ ಬೀಸುವ ಎದುರಿನ ದಡದಲ್ಲಿ ಸಣ್ಣ ಮಣ್ಣೆಲ್ಲ ಯಾವತ್ತೋ ತೊಳೆದುಹೋಗಿರುತ್ತದೆ, ಉಳಿದಿರುವುದು ಕಲ್ಲು, ಜಲ್ಲಿ, ಮರಳು. ಆ ದಡ ಏಟು ತಿಂದು ಗಟ್ಟಿಯಾದದ್ದು. ಮರೆಯಲ್ಲಿರುವ ಕೊಲ್ಲಿಯಲ್ಲಿ ಜೊಂಡು, ನೀರುಗಿಡ, ಮೆತ್ತನೆ ಕೆಸರು. ಗಾಳಿ ಅಲ್ಲಿಗೆ ಹೋಗುವುದೇ ಇಲ್ಲ, ಬೋಟು ಹೋಗುತ್ತದೆ. ಅದೂ ನೀರು ಕನ್ನಡಿಯಂತೆ ಇರುವ ಜಾಗವೇ ಬೇಕು ಅವರಿಗೆ, ಜಾರಾಟಕ್ಕೆ ಅದೇ ಚೆನ್ನ.

ಕನ್ನಡನಾಡಿನ ನಮ್ಮೂರ ಕಡೆ ಇದು ಹಳೆಯ ವಿದ್ಯೆ. ಕೆರೆ ಏರಿಯ ನೀರಿನ ಕಡೆಯ ಮೈಗೆ ಕಲ್ಲು ಹೊದಿಸಿರುವುದು ಯಾಕೆ? ಗಾಳಿಗೆ ಎದ್ದ ಅಲೆ ಮಣ್ಣಿನ ಏರಿಯನ್ನು ತಿನ್ನಬಾರದು ಅಂತ. ಹಿಂಬದಿಯ ಅಂಗಳಕ್ಕೆ, ಜೊಂಡು ಬೆಳೆದ ಕಡೆಗೆ ಯಾರೂ ಕಲ್ಲು ಹಾಕಲಿಲ್ಲ, ಬೇಕಿರಲಿಲ್ಲ. ಈಗ ಕೆಲವು ಕೆರೆಗಳಲ್ಲಿ ಮೋಟಾರು ಬೋಟು ಬಿಡುತ್ತಾರೆ. ಪೆಡಲ್ ಬೋಟಿನಿಂದ ಏನೂ ಆಗುವುದಿಲ್ಲ, ಅದನ್ನು ಬಿಡಿ. ಮೋಟಾರಿನ ವಿಷಯದಲ್ಲಿ ಮಾತ್ರ ಒಂದು ಲೆಕ್ಕ ನೆನಪಿರಲಿ: ಕೆರೆ ಎರಡು ಮೀಟರ್ ಆಳ ಇದ್ದರೆ ಗಂಟೆಗೆ 16 ಕಿ.ಮೀ. ಆಸುಪಾಸು, ಮೂರು ಮೀಟರ್ ಇದ್ದರೆ 19 ಕಿ.ಮೀ. ಆಸುಪಾಸು ಓಡುವ ಬೋಟು ಅತಿ ಕೆಟ್ಟ ಅಲೆ ಎಬ್ಬಿಸುತ್ತದೆ, ಯಾಕೆಂದರೆ ಅಷ್ಟು ಆಳದ ನೀರಿನಲ್ಲಿ ಅಲೆ ಓಡಬಲ್ಲ ಗರಿಷ್ಠ ವೇಗವೂ ಅದೇ, ಬೋಟೂ ಅಲೆಯೂ ಜೊತೆಜೊತೆಯಲ್ಲೇ ಓಡಿ ನೀರು ರಾಶಿ ಬೀಳುತ್ತದೆ.

ದೂರ ಹೋದರೆ ಸಾಕಾ?

ಸಾಕು, ಆದರೆ ನೀವು ಅಂದುಕೊಂಡಷ್ಟು ಬೇಗ ಅಲ್ಲ. ಬೋಟಿನ ಹಿಂದಿನ ವಿ ಆಕಾರದ ಅಲೆಯ ಎತ್ತರ ತುಂಬ ನಿಧಾನವಾಗಿ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಐದರಲ್ಲಿ ಒಂದು ಪಾಲು ಮಾತ್ರ ಕಡಿಮೆ. ಅರ್ಧಕ್ಕೆ ಇಳಿಯಬೇಕಾದರೆ ದೂರ ಎಂಟು ಪಟ್ಟು ಆಗಬೇಕು. (ಆ ವಿ ಆಕಾರದ ಕೋನವನ್ನು ಲಾರ್ಡ್ ಕೆಲ್ವಿನ್ 1887ರಲ್ಲಿ ಲೆಕ್ಕ ಹಾಕಿದ್ದ. ಆಳದ ನೀರಿನಲ್ಲಿ ನಡುಗೆರೆಯಿಂದ ಎರಡೂ ಬದಿಗೆ ಸುಮಾರು ಹತ್ತೊಂಬತ್ತೂವರೆ ಡಿಗ್ರಿ. ಬಾತುಕೋಳಿ ಈಜಿದರೂ ಬಹುಮಟ್ಟಿಗೆ ಅದೇ ಕೋನ. ನನಗೆ ಈಗಲೂ ಇದು ನಂಬಲಾಗದ ಮಜಾ.)

ಮಿನ್ನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥನಿ ಫಾಲ್ಸ್ ಪ್ರಯೋಗಾಲಯದವರು ನಾಲ್ಕು ಬೋಟುಗಳನ್ನು ಒಂದು ಲೇಕ್‌ನಲ್ಲಿ ಓಡಿಸಿ ಅಳೆದು 2022ರಲ್ಲಿ ವರದಿ ಕೊಟ್ಟರು. ಅದರ ಸಾರ: ಸಾಮಾನ್ಯ ಬೋಟು 200 ಅಡಿ ದೂರದಲ್ಲಿ ಹೋದಾಗ ಉಳಿಯುವ ಅಲೆಯ ಮಟ್ಟಕ್ಕೆ ವೇಕ್ ಬೋಟಿನ ಅಲೆ ಇಳಿಯಬೇಕಾದರೆ 500 ಅಡಿಗೂ ಜಾಸ್ತಿ ಬೇಕು. ವರ್ಮಾಂಟ್ ರಾಜ್ಯ 2024ರಿಂದ ನಿಯಮವನ್ನೇ ಮಾಡಿತು: ದಡದಿಂದ 500 ಅಡಿ ದೂರ, ಕನಿಷ್ಠ 20 ಅಡಿ ಆಳ, ಅಂಥ ಜಾಗ ಒಟ್ಟಿಗೆ 50 ಎಕರೆ ಇದ್ದರೆ ಮಾತ್ರ ವೇಕ್ ಆಟ. ಬೋಟು ಉದ್ಯಮದವರು 200 ಅಡಿ ಸಾಕು ಅಂತಾರೆ. ನಿಮ್ಮ ಕೋಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗುರುತಿನ ಬೆಂಡು ಕಟ್ಟಿ, ಪರಿಚಯದ ಬೋಟಿನವರನ್ನು ಕೇಳಿಕೊಂಡು, 200 ಅಡಿಯಲ್ಲಿ ಮೂರು ಸಲ, 500 ಅಡಿಯಲ್ಲಿ ಮೂರು ಸಲ ಓಡಿಸಿ ನೋಡಿ. ಪಕ್ಕದ ಮನೆಯವರೇ ಬೋಟು ಓಡಿಸಿದರೆ ಇನ್ನೂ ಒಳ್ಳೆಯದು. ಮೀಟಿಂಗಿನಲ್ಲಿ ಆ ಅಂಕಿಯನ್ನು ಅವರು ಅಲ್ಲಗಳೆಯಲಾರರು.

ವೇಗದ ಬಗ್ಗೆ ಒಂದು ತಪ್ಪು ತಿಳುವಳಿಕೆ ಎಲ್ಲ ಕಡೆ ಇದೆ. ಜೋರಾಗಿ ಹೋದರೆ ದೊಡ್ಡ ಅಲೆ ಅಂತ. ಅಲ್ಲ. ತೀರಾ ನಿಧಾನ ಹೋದರೆ ಅಲೆ ಸಣ್ಣದು. ಪೂರ್ತಿ ವೇಗದಲ್ಲಿ ಬೋಟು ನೀರಿನ ಮೇಲೆದ್ದು ಜಾರಿದರೂ ಅಲೆ ಅಷ್ಟೇನೂ ದೊಡ್ಡದಲ್ಲ. ಮಧ್ಯದ ವೇಗ ಇದೆಯಲ್ಲ, ಮೂತಿ ಮೇಲೆತ್ತಿ ಹಿಂಭಾಗ ನೀರಿನಲ್ಲಿ ಕೂತು ತೆವಳುವುದು, ಅದೇ ಅತಿ ಕೆಟ್ಟದ್ದು. ವೇಕ್ ಬೋಟು ಬೇಕಂತಲೇ ಹಾಗೆ ಓಡುತ್ತದೆ, ಹೊಟ್ಟೆಯಲ್ಲಿ ನೀರಿನ ಟ್ಯಾಂಕು ತುಂಬಿಕೊಂಡು ಇನ್ನೂ ಆಳಕ್ಕೆ ಕೂರುತ್ತದೆ. ಸಾಮಾನ್ಯ ಬೋಟಿನವರು ಪಾಪ, ಒಳ್ಳೆಯ ಮನಸ್ಸಿನಿಂದಲೇ ದಡದ ಹತ್ತಿರ ಸ್ವಲ್ಪ ವೇಗ ಇಳಿಸುತ್ತಾರೆ, ಇಳಿಸಿ ಸರಿಯಾಗಿ ಆ ಮಧ್ಯದ ವೇಗಕ್ಕೇ ಬಂದು ನಿಲ್ಲುತ್ತಾರೆ! ಇಳಿಸಿದರೆ ಪೂರ್ತಿ ಇಳಿಸಿ ಅಂತ ಹೇಳಿ.

ಬಗ್ಗಡದ ಬಾಟಲಿ

ಅಲೆ ಅಳೆದರೆ ಮುಗಿಯಲಿಲ್ಲ, ನೀರು ಎಷ್ಟು ಹೊತ್ತು ಬಗ್ಗಡ ಇತ್ತು ಅನ್ನುವುದೂ ಬೇಕು. ಒಂದೇ ಥರದ ಗಾಜಿನ ಬಾಟಲಿ ಆರು. ಬೋಟು ಬರುವ ಮೊದಲು ಒಂದು ತುಂಬಿ. ಹೋದ ಮೇಲೆ 2, 10, 30, 60, 120 ನಿಮಿಷಕ್ಕೆ ಒಂದೊಂದು. ಅದೇ ಜಾಗ, ಅದೇ ಆಳ, ಕೆಳಗಿನ ಕೆಸರು ತುಳಿಯಬೇಡಿ. ತುಂಬಿದ ಕೂಡಲೇ ಬಿಳಿ ಹಾಳೆಯ ಮುಂದಿಟ್ಟು ಫೋಟೋ ತೆಗೆಯಿರಿ. ಮನೆಗೆ ಹೋಗಿ ತೆಗೆದರೆ ಅಷ್ಟರಲ್ಲಿ ಮಣ್ಣು ತಳ ಕಂಡಿರುತ್ತದೆ.

ಮರಳು ಎದ್ದರೆ ಕೆಲವೇ ನಿಮಿಷದಲ್ಲಿ ಕೂರುತ್ತದೆ, ಅದರ ಚಿಂತೆ ಬೇಡ. 0.02 ಮಿ.ಮೀ. ಹೂಳಿನ ಕಣ ಎರಡು ಮೀಟರ್ ಇಳಿಯಲು ಸುಮಾರು ಒಂದೂವರೆ ಗಂಟೆ. ಅದರ ಹತ್ತನೇ ಒಂದು ಭಾಗದಷ್ಟಿರುವ ಜೇಡಿ ಕಣಕ್ಕೆ ಆರು ದಿನದ ಮೇಲೆ! ಅಂದರೆ ಶನಿವಾರ ಎದ್ದ ಜೇಡಿ ಮುಂದಿನ ಶನಿವಾರದ ಬೋಟು ಬರುವ ಹೊತ್ತಿಗೆ ಅಂತೂ ಇಂತೂ ಕೂತಿರುತ್ತದೆ. ಹೂಳಿಗೆ ಅಂಟಿಕೊಂಡ ರಂಜಕವೂ ನೀರಿಗೆ ಬರುತ್ತದೆ, ಪಾಚಿಗೆ ಅದೇ ಊಟ. ಇಷ್ಟಾಗಿಯೂ ಎಲ್ಲ ಬಗ್ಗಡವೂ ಅಲೆಯದ್ದಲ್ಲ. ಪ್ರೊಪೆಲರ್ ಕೆಳಮುಖವಾಗಿ ನೂಕುವ ನೀರಿನ ಸೆಳೆತ ಬೇರೆಯೇ ಒಂದು ಕಾಟ, ಅದು ಬೋಟು ಹೋದ ದಾರಿಯ ಕೆಳಗೇ ತಳ ಕೆದಕುತ್ತದೆ. ಬಗ್ಗಡ ದಡದಲ್ಲಿ ಶುರುವಾಯಿತಾ, ಬೋಟಿನ ದಾರಿಯಲ್ಲಿ ಶುರುವಾಯಿತಾ ನೋಡಿ. ಗಾಳಿಯಾದರೆ ಕೊಲ್ಲಿಗೆ ಕೊಲ್ಲಿಯೇ ಕಲಕಿರುತ್ತದೆ.

ಬೋಟನ್ನು ಬೈಯುವ ಮೊದಲು ನಿಮ್ಮ ಹುಲ್ಲುಹಾಸನ್ನೂ ಒಮ್ಮೆ ನೋಡಿಕೊಳ್ಳಿ. ನೀರಿನ ಅಂಚಿನವರೆಗೂ ಹುಲ್ಲು ಕತ್ತರಿಸಿ, ಜೊಂಡು ಕಿತ್ತು, ಸೊಂಪಾಗಿ ಇಟ್ಟುಕೊಂಡ ದಡ ಯಾವ ಅಲೆಗೂ ಕುಸಿಯುತ್ತದೆ. ಆ ಹುಲ್ಲಿನ ಬೇರು ಒಂದು ಗೇಣೂ ಇಳಿದಿರುವುದಿಲ್ಲ. ನಮ್ಮ ಸಾಲಿನಲ್ಲಿ ಜೊಂಡು ಬಿಟ್ಟವರ ದಡ ಹಾಗೇ ಇದೆ, ನಮ್ಮದು ಹೋಯಿತು, ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಮತ್ತೆ ಚಳಿಗಾಲ ಇದೆ. ಲೇಕ್ ಮೇಲಿನ ಮಂಜುಗಡ್ಡೆ ಹಿಗ್ಗಿ ದಡವನ್ನು ನೂಕಿ ಮಣ್ಣಿನ ದಿಬ್ಬವನ್ನೇ ಎಬ್ಬಿಸುತ್ತದೆ. ಏಪ್ರಿಲ್‌ನಲ್ಲಿ ಕಂಡ ಬಿರುಕಿಗೆ ಜುಲೈ ಬೋಟಿನ ಮೇಲೆ ಕೇಸ್ ಹಾಕಿದರೆ ನಗುತ್ತಾರೆ.

ಇವನ್ನೆಲ್ಲ ಬೇರೆ ಮಾಡಲು ಸುಲಭದ ದಾರಿ, ಸರಳು. ಅರ್ಧ ಮೀಟರ್ ಉದ್ದದ ಕಬ್ಬಿಣದ ಸರಳುಗಳನ್ನು ನಿಮ್ಮ ಜಾಗದ ದಡದ ಮಣ್ಣಿನ ಗೋಡೆಗೆ ಅಡ್ಡಡ್ಡ ಹೊಡೆಯಿರಿ, 2 ಸೆಂ.ಮೀ. ಮಾತ್ರ ಹೊರಗಿರಲಿ. ತುದಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ, ಇಲ್ಲದಿದ್ದರೆ ಮಕ್ಕಳ ಕಾಲಿಗೆ ತಾಗುತ್ತದೆ. ಮಂಜು ಕರಗಿದ ಮೇಲೆ ಮೇ ಮೊದಲ ವಾರ ಹೊಡೆದು, ಬೋಟಿನ ಕಾಲ ಶುರುವಾಗುವ ಮೊದಲು ಒಮ್ಮೆ, ಜುಲೈ ಕೊನೆಗೆ ಒಮ್ಮೆ, ಸೆಪ್ಟೆಂಬರ್ ಮೊದಲ ಸೋಮವಾರದ ರಜೆ ಮುಗಿದ ಮೇಲೆ ಒಮ್ಮೆ, ಅಕ್ಟೋಬರ್ ಕೊನೆಗೆ ಒಮ್ಮೆ ಹೊರಗೆ ಎಷ್ಟು ಕಾಣುತ್ತದೆ ಅಂತ ಅಳೆಯಿರಿ. ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ ಬೋಟು ಕಡಿಮೆ, ಗಾಳಿ ಜೋರು. ಆ ಹೊತ್ತಿನಲ್ಲೇ ಸರಳು ಹೆಚ್ಚು ಹೊರಬಿದ್ದರೆ ನಿಮ್ಮ ಕಳ್ಳ ಗಾಳಿ. ಜುಲೈನಲ್ಲೇ ಹೊರಬಿದ್ದು ಆಮೇಲೆ ನಿಂತರೆ ಬೋಟಿನವರ ಜೊತೆ ಮಾತಾಡಲು ಕೈಯಲ್ಲಿ ಏನೋ ಇದೆ. ನವೆಂಬರ್ ಬರುವ ಮೊದಲು ಸರಳು ಕಿತ್ತು, ತೂತಿನ ಪಕ್ಕ ಗುರುತು ಹಾಕಿಡಿ. ಮೊದಲ ವರ್ಷ ನಾನು ಬಿಟ್ಟಿದ್ದೆ, ಎರಡು ಸರಳನ್ನು ಮಂಜುಗಡ್ಡೆ ಮಣ್ಣಿನ ಸಮೇತ ಎಳೆದುಕೊಂಡು ಹೋಗಿತ್ತು.